ಓಡುವ ಜೀಪಿನ ಮೇಲೆ ಬರೆದ ಹೆಸರು

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಬೋರ್ಡು ಬರೆಯುವ ಮಾದಣ್ಣನಿಗೆ ಒಂದು ಕಟ್ಟಳೆ ಇತ್ತು. ಅಂಗಡಿಯ ಬೋರ್ಡಾಗಲಿ, ಲಾರಿಯ ಹಣೆಯಾಗಲಿ, ಬರೆದು ಮುಗಿಸಿದ ಮೇಲೆ ಮಾಲೀಕನನ್ನು ರಸ್ತೆಯ ಆಚೆ ಬದಿಗೆ ಕಳಿಸುತ್ತಿದ್ದ. ಅಲ್ಲಿ ನಿಂತು ಅವನು ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ನಡುವೆ ಬಸ್ಸು ಹೋಗಲಿ, ಈರುಳ್ಳಿ ಲಾರಿ ಹೋಗಲಿ, ಎಲ್ಲೂ ತಡವರಿಸದೆ ಓದಿದರೆ ಕೆಲಸ ಮುಗಿದಂತೆ. ತಡವರಿಸಿದರೆ ಮಾದಣ್ಣ ಒಂದು ಮಾತೂ ಆಡದೆ ಒರೆಸಿ ಮತ್ತೆ ಬರೆಯುತ್ತಿದ್ದ. ಓದಿಸುವವರೆಗೆ ಕೂಲಿ ಮುಟ್ಟುತ್ತಿರಲಿಲ್ಲ. ಕೇರಳದ ಲಾರಿಯವರು ಮಲಯಾಳದಲ್ಲಿ ಬರೆಸಿದರೆ ಎದುರಿನ ಟೀ ಅಂಗಡಿಯ ಕಾಕನನ್ನು ಕರೆದು ಓದಿಸುತ್ತಿದ್ದ.

ಆದರೆ ಈಚೆಗೆ ಅಕ್ಷರ ಬರೆಯುತ್ತಿದ್ದವಳು ಅವನ ಮಗಳು ಭಾನು. ಮಾದಣ್ಣನ ಕೈ ನಡುಗಲು ಶುರುವಾಗಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಭಾನು ಗಿರಾಕಿ ಬಂದರೆ ಶೆಡ್ಡಿನ ಒಳಕ್ಕೆ ಸರಿದುಬಿಡುತ್ತಿದ್ದಳು. ಬರೆಯುವುದು ಅವಳ ಕೆಲಸ, ಓದಿಸುವುದು ಅಪ್ಪನ ಕೆಲಸ. ಅವಳು ತಗಡಿನ ಬಾಗಿಲ ಸಂದಿಯಿಂದ ಓದುವವರ ತುಟಿಯನ್ನೇ ನೋಡುತ್ತಿದ್ದಳು. ತುಟಿ ಎಲ್ಲಿ ನಿಂತಿತೋ ಅಲ್ಲಿ ತನ್ನ ಬ್ರಷ್ಷು ಸೋತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಚಾಮರಾಜನಗರ ಹೊಸದಾಗಿ ಜಿಲ್ಲೆಯಾಗಿ ಮೊದಲ ಬೇಸಿಗೆ ಬಂದಿತ್ತು. ಮೈಸೂರಿನ ಒಂದು ಮೋಟಾರು ಕ್ಲಬ್ಬಿನವರು ಹರವೆ ಕಡೆಯ ಒಣಗಿದ ಕೆರೆಯಂಗಳದಲ್ಲಿ ಜೀಪ್ ರೇಸ್ ಮಾಡುತ್ತೇವೆಂದು ಎಲ್ಲ ಕಡೆ ಪೋಸ್ಟರು ಅಂಟಿಸಿದ್ದರು. ಗೆದ್ದವನನ್ನು ಕೊಯಮತ್ತೂರಿನ ದೊಡ್ಡ ರೇಸಿಗೆ ಕ್ಲಬ್ಬಿನವರೇ ತಮ್ಮ ಗಾಡಿ ಕೊಟ್ಟು, ತಮ್ಮ ಖರ್ಚಿನಲ್ಲಿ ಓಡಿಸುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಭಾನುವಿನ ಅಣ್ಣ ಶಾಂತರಾಜು ಆ ಸಾಲನ್ನು ಎಷ್ಟು ಸಲ ಓದಿದನೋ.

ಶಾಂತರಾಜು ತರಕಾರಿ ತುಂಬಿಕೊಂಡು ಘಟ್ಟ ಇಳಿಯುವ ಡ್ರೈವರು. ಹಿಂದಿನ ವರ್ಷ ಗುಂಡ್ಲುಪೇಟೆಯ ಹೊರಗೆ ಬಯಲಿನಲ್ಲಿ ಸಣ್ಣದೊಂದು ರೇಸ್ ಆದಾಗ ಮೆಕ್ಯಾನಿಕ್ ರಂಗನಾಯಕನ ಹಳೇ ಜೀಪು ಓಡಿಸಿ ಅವನೇ ಗೆದ್ದಿದ್ದ. ಆಗ ಯಾರು ಯಾವ ಗಾಡಿ ತಂದರೂ ಬಿಡುತ್ತಿದ್ದರು. ಈ ಸಲ ಹಾಗಲ್ಲ. ಜೀಪು ಮಗುಚಿದರೆ ತಲೆ ಉಳಿಯುವಂತೆ ಮೇಲೆ ಕಬ್ಬಿಣದ ಕೊಳವೆಯ ಗೂಡು ಕಟ್ಟಿಸಬೇಕು, ಬೆಲ್ಟು ಬೇಕು, ಹೆಲ್ಮೆಟ್ಟು ಬೇಕು, ಹೊಸ ಟೈರು ಬೇಕು. ಈ ಖರ್ಚು ಹೊರುವವರನ್ನು ಹುಡುಕಿ ರಂಗನಾಯಕ ಮೂರು ಅಕ್ಕಿ ಗಿರಣಿ, ಒಂದು ಸಿನಿಮಾ ಟೆಂಟು ಸುತ್ತಿ ಬರಿಗೈಯಲ್ಲಿ ಬಂದ. ಕೊನೆಗೆ ಒಪ್ಪಿಕೊಂಡವರು ಬೀಜ, ಗೊಬ್ಬರದ ಅಂಗಡಿಯ ನೀಲಕಂಠಸ್ವಾಮಿ. ಟೈರು ಬಂತು, ಗೂಡು ಕಟ್ಟಿದ್ದಾಯಿತು, ಎರಡು ಪಕ್ಕಕ್ಕೂ ಬರೆಯಲು ತಗಡು ಹೊಡೆದಿದ್ದಾಯಿತು. ಜೀಪು ಬರೆಸಿಕೊಳ್ಳಲು ಮಾದಣ್ಣನ ಶೆಡ್ಡಿಗೆ ಬಂತು. ಭಾನು ಎಲ್ಲಕ್ಕಿಂತ ಮೊದಲು, ಡ್ರೈವರು ಕೂರುವ ಕಡೆ ತಗಡಿನ ಕೆಳಮೂಲೆಯಲ್ಲಿ, ಅಣ್ಣನ ಹೆಸರನ್ನು ಹಳದಿ ಬಣ್ಣದಲ್ಲಿ ಬರೆದಳು.

ಮಾರನೆಯ ದಿನ ನೀಲಕಂಠಸ್ವಾಮಿ ಸ್ಕೂಟರಿನಲ್ಲಿ ಬಂದರು. ಭಾನು ಒಳಕ್ಕೆ ಸರಿದಳು.

"ಮಾದಣ್ಣ, ಎಲ್ಲೆಲ್ಲಿ ಜಾಗ ಅದೆಯೋ ಅಲ್ಲೆಲ್ಲ ನಮ್ಮ ಅಂಗ್ಡಿ ಹೆಸ್ರು ಬರಿ. ಬಾನೆಟ್ಟು, ಎರಡು ಪಕ್ಕ, ಇಂದುಗಡೆ. ಕುಂತವ್ರಿಗೂ ಕಾಣ್ಬೇಕು, ನಿಂತವ್ರಿಗೂ ಕಾಣ್ಬೇಕು."

"ಆಗ್ಲಿ ಬುದ್ದಿ."

"ಡ್ರೈವರ್ ಹೆಸ್ರು ಕೆಳಗೆ ಸಣ್ಣಗೆ ಇರ್ಲಿ."

"ಅದ ಆಗ್ಲೆ ಬರ್ದಾಯ್ತು ಬುದ್ದಿ. ಶಾಂತರಾಜು ಅಂತ."

ನೀಲಕಂಠಸ್ವಾಮಿ ಕನ್ನಡಕ ತೆಗೆದು ಶರಟಿನ ತುದಿಯಲ್ಲಿ ಒರೆಸಿಕೊಂಡರು. "ಅದ ಅಳ್ಸ್ಬುಡು. ನಮ್ಮಕ್ಕನ ಮಗ ಮಹದೇವ ಓಡುಸ್ತನೆ."

ಜೀಪಿನ ಅಡಿ ಮಲಗಿದ್ದ ರಂಗನಾಯಕ ತಲೆ ಹೊರಗೆ ಹಾಕಿದ. "ಸಾವ್ಕಾರ್ರೆ, ಹೋದ್ವರ್ಸ ಗೆದ್ದೋನು ಶಾಂತರಾಜು."

"ಗೆದ್ದ, ಯಾರಪ್ಪ ಇಲ್ಲ ಅಂದರು? ಆದ್ರೆ ಟೈರು ನಂದು, ಕಬ್ಬಿಣ ನಂದು, ಎಲ್ಮೆಟ್ಟು ನಂದು. ಪೇಪರ್‍ನಲ್ಲಿ ಪೋಟ ಬರೋವಾಗ ಮೂತಿ ಮಾತ್ರ ಇನ್ನೊಬ್ಬಂದಾ? ಮೈಸೂರ್ನಲ್ಲಿ ಬಿಕಾಂ ಓದ್ತಾವ್ನೆ ನಮ್ಮುಡ್ಗ, ಗಾಡಿ ಹುಚ್ಚು ಅವ್ನಿಗೆ. ಅಕ್ಕಂಗೆ ಮಾತು ಕೊಟ್ಬುಟ್ಟಿವ್ನಿ."

"ಮತ್ತೆ ಶಾಂತರಾಜು?"

"ಅವ್ನೂ ಇರ್ಲಿ. ಎರಡ್ನೆ ಡ್ರೈವರ್ ಅಂತ ಕ್ಲಬ್ಬಿನವ್ರಿಗೆ ಹೆಸ್ರು ಕೊಡು. ಹುಡ್ಗಂಗೆ ಜ್ವರ ಗಿರ ಬಂದ್ರೆ ಬೇಕಾಯ್ತದೆ."

ರಂಗನಾಯಕ ಮತ್ತೆ ಜೀಪಿನ ಅಡಿಗೆ ಹೋದ. ನೀಲಕಂಠಸ್ವಾಮಿ ಕೈ ತೆಗೆದರೆ ಜೀಪು ಶೆಡ್ಡು ಬಿಟ್ಟು ಅಲುಗುವುದಿಲ್ಲ.

ಹೆಸರು ಒರೆಸುವ ಕೆಲಸ ಭಾನುವಿಗೇ ಬಂತು. ಬಣ್ಣ ಇನ್ನೂ ಪೂರಾ ಒಣಗಿರಲಿಲ್ಲ, ಟರ್ಪಂಟೈನ್ ತಾಗಿದೊಡನೆ ಕರಗಿ ಹಳದಿ ನೀರಾಯಿತು. ಅಷ್ಟರಲ್ಲಿ ಶಾಂತರಾಜು ಘಟ್ಟದಿಂದ ಬಂದು ಹಿಂದೆ ನಿಂತಿದ್ದ. ರಂಗನಾಯಕ ಅವನಿಗೆ ದಾರಿಯಲ್ಲೇ ಹೇಳಿದ್ದ.

"ಸೊಟ್ಟ ಒರುಸ್ಬೇಡ ಕಣಮ್ಮಿ, ಗುರ್ತು ಉಳ್ಕತದೆ," ಎಂದ.

"ನಿಂಗೆ ಒಟ್ಟೆ ಉರಿಯಕಿಲ್ವಾ ಅಣ್ಣ?"

"ಉರಿದೆ ಇದ್ದದಾ? ಜೀಪಾದ್ರೂ ಓಡ್ಲಿ ಬುಡು. ಮನೇಲಿ ನಿಂತಿದ್ರೆ ಯಾರ್ ಗೆದ್ದಂಗಾಯ್ತು?" ಎಂದು ಹೊಸ ಟೈರಿನ ಮೇಲೆ ಅಂಗೈ ಇಟ್ಟ. ಆ ಕೈಯನ್ನು ಬಹಳ ಹೊತ್ತು ತೆಗೆಯಲೇ ಇಲ್ಲ. ಭಾನು ಅದನ್ನು ನೋಡಿದಳು.

ಬರವಣಿಗೆ ಮುಗಿಯಿತು. ದಾರಕ್ಕೆ ಸೀಮೆಸುಣ್ಣ ಬಳಿದು ಗೆರೆ ಹೊಡೆದು, ನೀಲಿಯ ಮೇಲೆ ಹಳದಿ ತುಂಬಿ, 'ಶ್ರೀ ನೀಲಕಂಠೇಶ್ವರ ಟ್ರೇಡರ್ಸ್, ಬೀಜ, ಗೊಬ್ಬರ, ಔಷಧಿ, ಗುಂಡ್ಲುಪೇಟೆ' ಎಂದು ನಾಲ್ಕು ಕಡೆಯೂ ಬರೆದಳು. ಕೆಳಮೂಲೆಯಲ್ಲಿ 'ಮಹದೇವ' ಎಂದು ಬರೆದಳು. ಸಿಟ್ಟಿಗೆ ಅಕ್ಷರ ಕೆಡಿಸುವಷ್ಟು ಸಣ್ಣ ಬುದ್ಧಿ ಅವಳಿಗಿರಲಿಲ್ಲ. ಅದೂ ಚೆನ್ನಾಗಿಯೇ ಬಂತು.

ನೀಲಕಂಠಸ್ವಾಮಿ ನೋಡಲು ಬಂದಾಗ ಮಾದಣ್ಣ ಎಂದಿನಂತೆ, "ಬುದ್ದಿ, ಆಚೆ ನಿಂತ್ಕಂಡು ಒಂದ್ಸಲ ಓದ್ಬುಡಿ," ಎಂದ.

ಅವರು ನಕ್ಕರು. "ನಿಂತಿರೋ ಜೀಪ ಯಾರ್ ಓದಾಕಿಲ್ಲ ಮಾದಣ್ಣ? ನಾನು ದುಡ್ಡು ಕೊಟ್ಟಿರೋದು ಓಡೋ ಜೀಪಿಗೆ. ಭಾನುವಾರ ರೇಸ್ಗೆ ಮುಂಚಿನ ಟ್ರಯಲ್ ಓಟ ಅದೆಯಲ್ಲ, ಓಡೋವಾಗ್ಲೆ ಓದ್ತೀನಿ. ಆಮೇಲೆ ಇಸ್ಕೊ ಕೂಲಿಯ."

"ಅದೂ ಸರಿನೆ ಬುದ್ದಿ," ಎಂದ ಮಾದಣ್ಣ. ಅವನ ಕಟ್ಟಳೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಗಿರಾಕಿ ಇನ್ನೊಬ್ಬನಿರಲಿಲ್ಲ.

ಆದರೆ ಆ ಭಾನುವಾರ ಚಂದಕವಾಡಿಯ ಗಿರಣಿಯವರು ಗೋಡೆ ಬರೆಯಲು ಅಳತೆ ಹಾಕಿ ಹೋಗು ಎಂದು ಮಾದಣ್ಣನನ್ನು ಕರೆಸಿಕೊಂಡರು.

"ನೀನೆ ಓಗಿ ಓದ್ಸ್ಕಂಡು ಬಾ," ಎಂದ ಮಗಳಿಗೆ.

"ನಾನಾ? ನನ್ ಕೈಲಿ ಆಗಕಿಲ್ಲಪ್ಪ."

"ಬಾಯಿ ಬುಡೋದೆ ಬ್ಯಾಡ ಕಣಮ್ಮಿ. ಅವ್ರೆ ಓದ್ತರೆ. ನೀನು ಕೇಳ್ಸ್ಕಂಡು ಬಾ."

ಹಾಗೆ ಭಾನು ಬಣ್ಣದ ಡಬ್ಬಿ, ಬ್ರಷ್ಷುಗಳ ಚೀಲ ಹಿಡಿದು ರಂಗನಾಯಕನ ಟೆಂಪೋದಲ್ಲಿ ತೆರಕಣಾಂಬಿಯ ಮೇಲೆ ಹರವೆ ಕಡೆಯ ಕೆರೆಗೆ ಹೋದಳು. ಹಿಂದೆ ಶಾಂತರಾಜು ಜೀಪು ತರುತ್ತಿದ್ದ. ಅಲ್ಲಿಯವರೆಗೆ ಓಡಿಸಲು ಮಾತ್ರ ಅವನಿಗೆ ಅಪ್ಪಣೆ ಇತ್ತು.

ಕೆರೆಯಂಗಳ ಕೆಂಪಗೆ ಬಿರಿದು ಬಿದ್ದಿತ್ತು. ಕಲ್ಲಿಗೆ ಸುಣ್ಣ ಬಳಿದು ದಾರಿ ಗುರುತು ಮಾಡಿದ್ದರು. ಕೆರೆಯ ಏರಿಯ ಮೇಲೆ ಆಗಲೇ ಜನ ಸೇರಿದ್ದರು. ನೀಲಕಂಠಸ್ವಾಮಿ ಬಿಳಿ ಪಂಚೆಯುಟ್ಟು, ಕೊಡೆ ಬಿಚ್ಚಿ, ಗುರುತಿನವರ ನಡುವೆ ನಿಂತಿದ್ದರು. ಭಾನು ಅವರಿಂದ ಸ್ವಲ್ಪ ದೂರದಲ್ಲಿ ಜಾಲಿ ಮರಕ್ಕೆ ಒರಗಿ ನಿಂತಳು.

ಮಹದೇವ ಹೊಸ ಹೆಲ್ಮೆಟ್ಟು ಹಾಕಿಕೊಂಡು ಕೂತ. ನೋಡಿದರೆ ಒಳ್ಳೆಯ ಹುಡುಗನೇ. ಬೆಲ್ಟು ಬಿಗಿದ ರಂಗನಾಯಕನಿಗೆ ಥ್ಯಾಂಕ್ಸ್ ಹೇಳಿದ. ಐದು ಜೀಪು ಒಟ್ಟಿಗೆ ಹೊರಟವು. ಮೊದಲ ನೇರ ದಾರಿಯಲ್ಲಿ ಅವನೂ ಸಮಕ್ಕೇ ಇದ್ದ. ಹುಣಸೆ ಮರದ ತಿರುವು ಬಂದೊಡನೆ ಅವನ ಜೀಪಿನ ಹಿಂದೆ ಬ್ರೇಕಿನ ಕೆಂಪು ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ. ಮೂರು ಜೀಪು ಅವನನ್ನು ದಾಟಿಕೊಂಡು ಹೋದವು. ಆಮೇಲೆ ಎದ್ದ ಧೂಳಿನಲ್ಲಿ ಏನೂ ಕಾಣಲಿಲ್ಲ.

ಏರಿಯ ಕೆಳಗೆ ಮೊದಲು ಬಂದದ್ದು ಮೈಸೂರಿನ ಹಸಿರು ಜೀಪು. ನೀಲಕಂಠಸ್ವಾಮಿ ತಮಗೇ ಗೊತ್ತಿಲ್ಲದೆ, "ಶ್ರೀರಂಗ ಟೈಲ್ಸ್, ಮೈಸೂರು," ಎಂದು ಓದಿದರು. ಅದರ ಹಿಂದೆ ಎರಡು ಬಂದವು, ಅರ್ಧ ಕೆಂಪಾಗಿದ್ದವು. ಅದರ ಹಿಂದೆ ಕೆಮ್ಮಣ್ಣಿನ ಒಂದು ಗುಡ್ಡೆ ಗುಡುಗುತ್ತ ಹೋಯಿತು.

"ನಮ್ಮ ಜೀಪು ಯಾವ್ದಮ್ಮಿ?" ಎಂದು ಅವರು ತಿರುಗಿ ಕೇಳಿದರು.

ಭಾನು ಬೆರಳು ತೋರಿಸಿದಳು.

"ಅದಾ! ಒಂದಕ್ಸರನೂ ಕಾಣಕಿಲ್ವಲ್ಲ. ಏನ್ ಬರ್ದವ್ನೆ ನಿಮ್ಮಪ್ಪ? ಅಕ್ಸರ ಸಣ್ಣ ಮಾಡ್ಬುಟ್ಟವ್ನೆ. ಬಣ್ಣನೂ ತೆಳ್ಳಗೆ ಬಳ್ದವ್ನೆ."

ಕೊಡೆಯ ಸುತ್ತ ಇದ್ದವರು ಭಾನುವಿನ ಕಡೆ ನೋಡಿದರು. ಅವಳು ಮರದ ಮರೆಗೆ ಒಂದು ಹೆಜ್ಜೆ ಸರಿದಳು. ಬಾಯಿ ಬಿಡುವುದೇ ಬೇಡ ಎಂದಿದ್ದ ಅಪ್ಪ. ಜೀಪುಗಳು ಇನ್ನೊಂದು ಸುತ್ತು ಬಂದವು. ಮತ್ತೆ ಹಸಿರು ಜೀಪು ತೊಳೆದಿಟ್ಟ ಹಾಗೆ ಮುಂದೆ, ಮತ್ತೆ ಕೆಮ್ಮಣ್ಣಿನ ಗುಡ್ಡೆ ಹಿಂದೆ. ಅವಳು ಎರಡನ್ನೂ ನೋಡಿದಳು. ಬಾಯಿಂದ ಮಾತು ಬಿತ್ತು.

"ಅಪ್ಪ ಅಲ್ಲ ಬುದ್ದಿ, ನಾನು ಬರ್ದದ್ದು."

"ಏನಂದೆ?"

"ಆ ಮೈಸೂರ್ ಜೀಪ್ನಲ್ಲಿ ಅಕ್ಸರ ನಮ್ಮದ್ಕಿಂತ ಸಣ್ಣವು. ಆದ್ರೂ ನೀವು ಆಗ್ಲೆ ಓದುದ್ರಿ, ಟೈಲ್ಸ್ ಅಂತ."

ನೀಲಕಂಠಸ್ವಾಮಿ ಹಸಿರು ಜೀಪಿನ ಕಡೆ ತಿರುಗಿದರು.

"ಅದ್ರ ಮುಂದೆ ಯಾರೂ ಇಲ್ಲ ಬುದ್ದಿ, ಅದ್ಕೆ ಧೂಳಿಲ್ಲ. ಇಂದೆ ಬಂದ ಗಾಡಿ ಮೇಲೆ ನಾನು ಆಳುದ್ದ ಬರುದ್ರೂ ಕಾಣಕಿಲ್ಲ."

ಕೊಡೆಯ ಕೆಳಗಿದ್ದ ಒಬ್ಬರು ಕಿಸಕ್ಕೆಂದರು. ನೀಲಕಂಠಸ್ವಾಮಿ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನಿಮ್ಮಣ್ಣನ ಕೂರ್ಸು ಅಂತ ಸುತ್ತಿ ಬಳ್ಸಿ ಏಳ್ತಿದಿಯಾ?"

"ಇಲ್ಲ ಬುದ್ದಿ," ಎಂದಳು ಭಾನು. ಆಮೇಲೆ ಅದು ಸುಳ್ಳೆಂದು ಅವಳಿಗೇ ನಾಚಿಕೆಯಾಯಿತು. "ಊಂ ಬುದ್ದಿ. ಅದೂ ಅದೆ. ಆದ್ರೆ ನಿಮ್ಮ ಕೈಲಿ ಓದ್ಸ್ದೆ ಮನೆಗೋದ್ರೆ ನಮ್ಮಪ್ಪ ಬಯ್ತನೆ."

ಈಗ ಎಲ್ಲರೂ ನಕ್ಕರು. ನೀಲಕಂಠಸ್ವಾಮಿಗೂ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಓಟ ಮುಗಿದು ಮಹದೇವ ಏರಿ ಹತ್ತಿ ಬಂದ. ಹೆಲ್ಮೆಟ್ಟು ತೆಗೆದರೆ ಕಣ್ಣಿನ ಸುತ್ತ ಮಾತ್ರ ಬೆಳ್ಳಗಿತ್ತು. "ಆ ತಿರುವಲ್ಲಿ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತೆ ಮಾವ. ಮುಂದಿನವ್ರ ಧೂಳಲ್ಲಿ ರೋಡೇ ಕಾಣಲ್ಲ."

"ಮಧ್ಯಾಹ್ನ ಇನ್ನೊಂದು ಓಟ ಅದೆಯಲ್ಲ, ಎರಡ್ನೆ ಡ್ರೈವರ್ ಕೂರ್ಸಿ ನೋಡನ," ಎಂದರು ನೀಲಕಂಠಸ್ವಾಮಿ. "ಟ್ರಯಲ್ ತಾನೆ. ಅಂಗಂತ ಏನೂ ಗಟ್ಟಿಯಿಲ್ಲ ಮತ್ತೆ."

ಭಾನು ಕೊಡದಲ್ಲಿ ನೀರು ತಂದು ಜೀಪಿನ ನಾಲ್ಕೂ ಕಡೆ ಒರೆಸಿದಳು. ಹೆಲ್ಮೆಟ್ಟು ಮಹದೇವನ ತಲೆಯ ಅಳತೆಗೆ ತಂದದ್ದು. ಶಾಂತರಾಜುವಿನ ತಲೆಗೆ ಅದನ್ನು ಇಳಿಸಲು ರಂಗನಾಯಕ ಎರಡು ಕೈಯಿಂದ ಒತ್ತಬೇಕಾಯಿತು.

"ಕಿವಿ ಒಳಗೋಯ್ತೇನ್ಲಾ?"

"ಒಂದು ಒಳಗೋಯ್ತು, ಇನ್ನೊಂದು ಮಡ್ಚ್ಕಂಡದೆ."

"ಮಡ್ಚ್ಕಂಡಿರ್ಲಿ ಬುಡ್ಲಾ, ನೀ ಯಾವತ್ ನನ್ನ ಮಾತ ಕೇಳಿದಯ್!"

ಶಾಂತರಾಜು ತಂಗಿಯ ಕಡೆ ತಿರುಗಿದ. "ಏನ್ ಏಳುದಮ್ಮಿ ಸಾವ್ಕಾರ್ರಿಗೆ?"

"ಅಕ್ಸರ ಕಾಣ್ಬೇಕು ಅಂದೆ. ಧೂಳ್ನಲ್ಲಿ ಓಗ್ಬೇಡ ಅಣ್ಣ."

ಅವನು ಹೊರಟಾಗ ಮೂರನೆಯವನಾಗಿದ್ದ. ಹುಣಸೆ ಮರದ ತಿರುವಿಗೆ ಬಹಳ ಮೊದಲೇ ಕೆಂಪು ದೀಪ ಒಮ್ಮೆ ಹತ್ತಿ ಆರಿತು. ಎಲ್ಲರೂ ಒಳಗಿನಿಂದ ಹೋದರೆ ಅವನು ಹೊರಗಿನಿಂದ ಅಗಲವಾಗಿ, ಧೂಳಿಗೆ ಸಿಗದೆ, ಘಟ್ಟದ ತಿರುವಿನಲ್ಲಿ ತರಕಾರಿ ಮೂಟೆ ಜರುಗದ ಹಾಗೆ ತಿರುಗಿಸುತ್ತಿದ್ದನಲ್ಲ, ಹಾಗೇ ತಿರುಗಿಸಿದ. ಮೊದಲ ಸುತ್ತಿಗೆ ಎರಡನೆಯವನಾದ. ಮುಂದಿನ ಸುತ್ತಿಗೆ ಏರಿಯ ಕೆಳಗೆ ಮೊದಲು ಬಂದದ್ದು ನೀಲಿಯ ಮೇಲೆ ಹಳದಿ.

"ಶ್ರೀ ನೀಲಕಂಠೇಶ್ವರ ಟ್ರೇಡರ್ಸ್, ಬೀಜ, ಗೊಬ್ಬರ, ಔಷಧಿ, ಗುಂಡ್ಲುಪೇಟೆ!" ನೀಲಕಂಠಸ್ವಾಮಿ ಒಂದೇ ಉಸಿರಿಗೆ ಓದಿದರು. ಕೊಡೆ ಓರೆಯಾದದ್ದೂ ಅವರಿಗೆ ತಿಳಿಯಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಹರವೆಯ ರೈತನೊಬ್ಬ, "ಅದು ನಿಮ್ಮಂಗ್ಡಿನಾ ಬುದ್ದಿ? ಸೂರ್ಯಕಾಂತಿ ಬೀಜ ಒಳ್ಳೇದಿದ್ದದಾ?" ಎಂದು ಕೇಳಿದ.

ಭಾನುವೂ ಓದಿದಳು. ಆದರೆ ಅವಳ ಕಣ್ಣು ಹೋದದ್ದು ಕೆಳಮೂಲೆಗೆ. ತಿರುವನ್ನು ಹಾಗೆ ತೆಗೆದವನು ಅಣ್ಣ, ಅವನ ಮಗ್ಗುಲಲ್ಲಿದ್ದ ಹೆಸರು ಮಹದೇವನದು. ಅದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ತಾನೇ ಬರೆದದ್ದಲ್ಲವೇ.

ಓಟ ಮುಗಿದ ಮೇಲೆ ನೀಲಕಂಠಸ್ವಾಮಿ ಜೇಬಿಗೆ ಕೈ ಹಾಕುತ್ತ ಬಂದರು. "ಓದ್ದೆ ಕಣಮ್ಮಿ. ಚೆನ್ನಾಗದೆ. ತಕ ನಿಮ್ಮಪ್ಪನ ಕೂಲಿಯ."

ಭಾನು ಕೈ ಚಾಚಲಿಲ್ಲ. "ಒಂದು ಸಾಲು ಸರಿಯಿಲ್ಲ ಬುದ್ದಿ," ಎಂದು ಕೆಳಮೂಲೆ ತೋರಿಸಿದಳು. ಬೆರಳು ಇಳಿಸಲಿಲ್ಲ.

"ಬಾಯೇ ಇಲ್ಲ ನನ್ನ ಮಗಳ್ಗೆ ಅಂತಿದ್ನಲ್ಲ ಮಾದಣ್ಣ!" ಎಂದರು ನೀಲಕಂಠಸ್ವಾಮಿ. ನಗಲಿಲ್ಲ. ಜೀಪನ್ನು ನೋಡಿದರು, ಹಸಿರು ಜೀಪನ್ನು ನೋಡಿದರು, ಅಕ್ಕನ ಮಗನನ್ನು ನೋಡಿದರು. "ಅಕ್ಕ ನನ್ನ ಸುಮ್ನೆ ಬುಟ್ಟಳಾ?"

ಮಹದೇವ ಟೈರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಶಾಂತರಾಜುವಿನಿಂದ ತಿರುವಿನ ಲೆಕ್ಕ ಕೇಳಿಸಿಕೊಳ್ಳುತ್ತಿದ್ದ. ಮುಖ ಸಪ್ಪಗಿತ್ತು. ಸ್ವಲ್ಪ ಹೊತ್ತು ಮಣ್ಣು ಕೆದಕಿದ. "ಅಮ್ಮಂಗೆ ನಾನು ಹೇಳ್ತೀನಿ ಮಾವ," ಎಂದ ಕೊನೆಗೆ. "ಅವ್ನು ಓಡಿಸಿದ್ದಕ್ಕೆ ನನ್ನ ಹೆಸ್ರು ಬೇಡ. ನೋಡಿದವ್ರು ಏನಂತಾರೆ?"

"ಪೋಟ?"

"ಫೋಟೋಗೆ ನಿಂತ್ಕೋತೀನಿ, ಬೇಕಾದ್ರೆ."

"ಸರಿ. ರೇಸ್ಗೆ ಮುಂಚೆ ಜೀಪ್ ಮುಂದೆ ಎಲ್ಮೆಟ್ ಇಡ್ಕಂಡು ಮಹದೇವ ನಿಂತ್ಕತನೆ. ಓಡ್ಸೋದು ಇವ್ನು. ಈ ವರ್ಸಕ್ಕೆ ಮಾತ್ರ, ಮುಂದಿನ್ದು ಮುಂದೆ," ಎಂದು ನೀಲಕಂಠಸ್ವಾಮಿ ಭಾನುವಿನ ಕಡೆ ತಿರುಗಿದರು. "ಬರಿಯಮ್ಮಿ. ಸಣ್ಣಗೆ!"

"ಪೋಟ ಅವ್ರದು, ಓಟ ನಮ್ದು ಕಣ್ಲಾ!" ಎಂದು ರಂಗನಾಯಕ ಶಾಂತರಾಜುವಿನ ಬೆನ್ನಿಗೆ ಗುದ್ದಿದ. ಶಾಂತರಾಜು ಹೆಲ್ಮೆಟ್ಟಿನೊಳಗೆ ಮುಖ ಇಟ್ಟುಕೊಂಡೇ ನಿಂತಿದ್ದ. ಕಿವಿ ಸಿಕ್ಕಿಕೊಂಡು ಅದು ಬರುತ್ತಿಲ್ಲ ಎಂದು ಎಲ್ಲರೂ ತಿಳಿದರು. ಭಾನುವಿಗೆ ಮಾತ್ರ ಹಾಗನಿಸಲಿಲ್ಲ. ಅವಳು ಚೀಲದಿಂದ ಸಣ್ಣ ಬ್ರಷ್ಷು ತೆಗೆದಳು.

ಮುಂದಿನ ಭಾನುವಾರ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮಾದಣ್ಣನೂ ಬಂದಿದ್ದ, ಅವ್ವ ಮೂಗಮ್ಮನೂ ಬಂದಿದ್ದಳು. ಮಹದೇವ ಹೇಳಿದಂತೆ ಜೀಪಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಆಮೇಲೆ ಹೆಲ್ಮೆಟ್ಟನ್ನು ತಾನೇ ಶಾಂತರಾಜುವಿನ ತಲೆಗೆ ಇಳಿಸಿದ. ಒಳಗಿನ ಸ್ಪಂಜನ್ನು ಅವನೇ ಬ್ಲೇಡಿನಿಂದ ಸವರಿ ತಂದಿದ್ದ. ಈ ಸಲ ಕಿವಿ ಎರಡೂ ಸರಿಯಾಗಿ ಹೋದವು.

ಓಟ ಶುರುವಾಗಿ ಒಂದು ಸುತ್ತು ಹಸಿರು ಜೀಪು ಮುಂದಿತ್ತು, ಒಂದು ಸುತ್ತು ಯಾವುದೆಂದೇ ತಿಳಿಯಲಿಲ್ಲ. ಜನದ ಕೂಗಿನ ನಡುವೆ ಭಾನು ಮೊದಲಿನ ಹಾಗೆ ಜಾಲಿ ಮರಕ್ಕೆ ಒರಗಿ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಕೊನೆಯ ಸುತ್ತಿಗೆ ಬಾವುಟ ಎತ್ತಿದರು. ಹುಣಸೆ ಮರದ ಹತ್ತಿರ ಧೂಳಿನ ಗೋಡೆ ಎದ್ದಿತು. ಆ ಗೋಡೆಯ ಹೊರಬದಿಯಿಂದ, ಒಂದೇ ಒಂದು, ತೊಳೆದಿಟ್ಟ ಹಾಗೆ ನೀಲಿ ಜೀಪು ಹೊರಗೆ ಬಂತು.

ಅವಳ ಪಕ್ಕದಲ್ಲಿ ಒಬ್ಬಳು ಮುದುಕಿ, ಸೆರಗಿನಲ್ಲಿ ಕಡಲೆಕಾಯಿ ಕಟ್ಟಿಕೊಂಡು ನಿಂತಿದ್ದವಳು, ಭಾನುವಿನ ತೋಳು ಹಿಡಿದು ಅಲುಗಾಡಿಸಿದಳು. "ನಂಗೆ ಓದಾಕ್ ಬರಕಿಲ್ಲ ಕಣಮ್ಮಿ. ಆ ಮುಂದ್ಗಡೆ ಜೀಪಿನ ಮೇಲೆ ಏನಂತ ಬರ್ದವ್ರೆ, ಓದವ್ವ ವಸಿ."

ಜೀಪು ಏರಿಯ ಕೆಳಗೆ ಬಂದಿತ್ತು. ದೊಡ್ಡ ಅಕ್ಷರದ ಸಾಲು ಇಡೀ ಕೆರೆಗೆ ಕಾಣುತ್ತಿತ್ತು, ಅದನ್ನು ನೀಲಕಂಠಸ್ವಾಮಿ ಆಚೆಯಿಂದ ಕೂಗಿ ಓದುತ್ತಲೂ ಇದ್ದರು. ಭಾನು ಅದರ ಕೆಳಗಿನ ಸಣ್ಣ ಸಾಲು ನೋಡಿದಳು. ಎಲ್ಲೂ ತಡವರಿಸಲಿಲ್ಲ.

"ಶಾಂತರಾಜು ಅಂತ ಬರ್ದದೆ ಕಣಜ್ಜಿ," ಎಂದಳು, ಸುತ್ತಲಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಶಾಂತರಾಜು!"